ಮರ್ರೆ-ಡಾರ್ಲಿಂಗ್ ಕಣಿವೆಯ ನೀರಿನ ರಾಜಕೀಯ: ನಮ್ಮ ಸಂಶೋಧನಾ ತಂಡಕ್ಕೆ ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ತಂಡ ಏನು ಕೆಲಸ ಮಾಡುತ್ತದೆ?

ನಮ್ಮದು ರಾಜ್ಯಶಾಸ್ತ್ರ, ಭೂಗೋಳ, ಕಾನೂನು, ಅರ್ಥಶಾಸ್ತ್ರ ಓದಿದವರು ಸೇರಿ ಕಟ್ಟಿಕೊಂಡ ವಿಶ್ವವಿದ್ಯಾಲಯದ ತಂಡ. ಆಸ್ಟ್ರೇಲಿಯಾದ ಮರ್ರೆ ಮತ್ತು ಡಾರ್ಲಿಂಗ್ ನದಿಗಳ ನೀರನ್ನು ಹೇಗೆ ಹಂಚುತ್ತಾರೆ ಅನ್ನೋದು ನಮ್ಮ ವಿಷಯ. ಯಾರಿಗೆ ಎಷ್ಟು ನೀರು ಅಂತ ಯಾರು ತೀರ್ಮಾನಿಸುತ್ತಾರೆ? ಯಾವ ಲೆಕ್ಕ ಮುಂದಿಟ್ಟುಕೊಂಡು? ಆ ಸಭೆಗೆ ಯಾರನ್ನು ಕರೆಯುವುದೇ ಇಲ್ಲ? ಕಾನೂನು, ಆಯೋಗದ ವರದಿ, ಸಂಸತ್ತಿನ ಚರ್ಚೆ, ದಿನದ ಒಳಹರಿವಿನ ಅಂಕಿ ಅಂಶ ಓದುತ್ತೇವೆ. ರೈತರು, ಅಧಿಕಾರಿಗಳು, ನದಿ ದಂಡೆಯ ಊರಿನವರು ಹೇಳುವುದನ್ನು ಕೇಳುತ್ತೇವೆ. ಅಣೆಕಟ್ಟಿನ ವಿನ್ಯಾಸ, ನೀರಿನ ಗುಣಮಟ್ಟದ ಪರೀಕ್ಷೆ ನಮ್ಮ ಕೆಲಸವಲ್ಲ.

ಕಾವೇರಿ ಇಲ್ಲೇ ಇದೆ, ಜಗಳವೂ ಇಲ್ಲೇ ಇದೆ. ಅಷ್ಟು ದೂರ ಯಾಕೆ ಹೋದಿರಿ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ.

ಎರಡು ಕಡೆಯ ಕಥೆಗೂ ಹೋಲಿಕೆ ಇದೆ. ಕಾವೇರಿ ಬಗ್ಗೆ ಮೈಸೂರು ಮತ್ತು ಮದ್ರಾಸ್ ನಡುವೆ 1892ರಲ್ಲಿ ಒಂದು ಒಪ್ಪಂದ ಆಯಿತು, 1924ರಲ್ಲಿ ಇನ್ನೊಂದು. ಮರ್ರೆ ನದಿಯ ಮೂರು ರಾಜ್ಯಗಳು ಒಕ್ಕೂಟ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡದ್ದು 1914ರಲ್ಲಿ. ಅಲ್ಲೂ ನೀರು ರಾಜ್ಯಗಳ ಹಕ್ಕು ಅನ್ನುವ ವಾದ ಬಲವಾಗಿದೆ. ಆಸ್ಟ್ರೇಲಿಯಾ ಸಂವಿಧಾನದ 100ನೇ ವಿಧಿ, ನದಿ ನೀರನ್ನು ಹಿತಮಿತವಾಗಿ ಬಳಸುವ ರಾಜ್ಯಗಳ ಹಕ್ಕನ್ನು ಕೇಂದ್ರ ಮೊಟಕು ಮಾಡುವಂತಿಲ್ಲ ಅನ್ನುತ್ತದೆ. ಅಲ್ಲೂ ಮೇಲಿನ ರಾಜ್ಯ, ಕೆಳಗಿನ ರಾಜ್ಯ ಅನ್ನುವ ಸಿಟ್ಟಿದೆ. ಬೆಂಗಳೂರು ಕಾವೇರಿಯನ್ನು ನೆಚ್ಚಿಕೊಂಡ ಹಾಗೆ ಅಡಿಲೇಡ್ ನಗರ ಮರ್ರೆಯನ್ನು ನೆಚ್ಚಿಕೊಂಡಿದೆ.

ಆದರೆ ಅವರು ಒಂದು ಹೆಜ್ಜೆ ಮುಂದೆ ಹೋದರು. ರಾಜ್ಯಗಳ ಜೊತೆಗೆ ನದಿಗೂ ಒಂದು ಪಾಲು ಅಂತ ಕಾನೂನಿನಲ್ಲೇ ಬರೆದರು. ಆ ಪಾಲು ನದಿಗೆ ನಿಜವಾಗಿ ಸಿಕ್ಕಿತಾ, ಎಲ್ಲಿ ಸಿಕ್ಕಿತು, ಎಲ್ಲಿ ತಪ್ಪಿತು ಅನ್ನೋದನ್ನು ನೋಡೋಕೆ ಹೋದವರು ನಾವು.

ಈ ನದಿಗಳ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಮೊದಲಿನಿಂದ ಹೇಳುತ್ತೀರಾ?

ಆಸ್ಟ್ರೇಲಿಯಾದ ಆಗ್ನೇಯ ಭಾಗದ ದೊಡ್ಡ ಜಲಾನಯನ ಪ್ರದೇಶ ಇದು. ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿಲೋಮೀಟರ್. ದೇಶದ ಏಳರಲ್ಲಿ ಒಂದು ಭಾಗ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ರಾಜ್ಯಗಳ ಭಾಗಗಳು ಮತ್ತು ರಾಜಧಾನಿ ಕ್ಯಾನ್‌ಬೆರಾ ಇದರೊಳಗೆ ಬರುತ್ತವೆ. ಮರ್ರೆ ಹಿಮ ಬೀಳುವ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 2,500 ಕಿಲೋಮೀಟರ್ ಹರಿದು, ಸೌತ್ ಆಸ್ಟ್ರೇಲಿಯಾದ ಗೂಲ್ವಾ ಊರಿನ ಹತ್ತಿರ ಸಮುದ್ರ ಸೇರುತ್ತದೆ. ಡಾರ್ಲಿಂಗ್ ಉತ್ತರದಿಂದ ಬಂದು ಅದನ್ನು ಕೂಡಿಕೊಳ್ಳುತ್ತದೆ.

ಹತ್ತಿ, ಭತ್ತ, ದ್ರಾಕ್ಷಿ, ಬಾದಾಮಿ, ಹಾಲು, ಎಲ್ಲಾ ಇಲ್ಲಿಂದ ಬರುತ್ತದೆ. ಮಳೆ ಮಾತ್ರ ನೆಚ್ಚುವ ಹಾಗಿಲ್ಲ. ಒಂದು ವರ್ಷ ನೆರೆ, ಆಮೇಲೆ ವರ್ಷಗಟ್ಟಲೆ ಬರ. 1990ರ ದಶಕದ ಕೊನೆಯಲ್ಲಿ ಶುರುವಾದ ಬರ 2009ರವರೆಗೂ ಬಿಡಲಿಲ್ಲ. ಅದನ್ನು ಅಲ್ಲಿ ಸಹಸ್ರಮಾನದ ಬರ ಅಂತ ಕರೆಯುತ್ತಾರೆ.

ಅವರು ಗಿಗಾಲೀಟರ್ ಅನ್ನುತ್ತಾರೆ, ನಾವು ಟಿಎಂಸಿ ಅನ್ನುತ್ತೇವೆ. ಹೋಲಿಸುವುದು ಹೇಗೆ?

ಒಂದು ಗಿಗಾಲೀಟರ್ ಅಂದರೆ ನೂರು ಕೋಟಿ ಲೀಟರ್. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಸುಮಾರು 28.3 ಗಿಗಾಲೀಟರ್. ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ, ಅಂದರೆ ಸುಮಾರು 1,400 ಗಿಗಾಲೀಟರ್. ಮರ್ರೆ ಮೇಲಿನ ಹ್ಯೂಮ್ ಅಣೆಕಟ್ಟಿಗೆ ಸುಮಾರು 3,000 ಗಿಗಾಲೀಟರ್ ಹಿಡಿಯುತ್ತದೆ. ಎರಡು ಕೆಆರ್‌ಎಸ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲಿನ ಪತ್ರಿಕೆಗಳು ಸಿಡ್ನಿ ಬಂದರಿನ ನೀರನ್ನೇ ಅಳತೆ ಮಾಡಿಕೊಂಡು 'ಇಷ್ಟು ಸಿಡ್ನಿ ಬಂದರು' ಅಂತ ಬರೆಯುತ್ತವೆ. ಅದು ಸುಮಾರು 500 ಗಿಗಾಲೀಟರ್. ಈ ಪುಟದಲ್ಲಿ ಮುಖ್ಯವಾದ ಕೆಲವು ಅಂಕಿಗಳನ್ನು ಟಿಎಂಸಿಯಲ್ಲೂ ಕೊಟ್ಟಿದ್ದೇವೆ.

ಅಲ್ಲಿ ನೀರನ್ನು ಮಾರುತ್ತಾರಂತೆ. ನಿಜವಾ?

ನಿಜ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ಅಲ್ಲಿಯೂ ನೀರು ಜಮೀನಿಗೆ ಅಂಟಿಕೊಂಡಿತ್ತು. 1994ರ ಸುಧಾರಣೆಯಿಂದ ನೀರಿನ ಹಕ್ಕನ್ನು ಜಮೀನಿನ ಹಕ್ಕಿನಿಂದ ಬಿಡಿಸುವುದು ಶುರುವಾಯಿತು. 2004ರ ರಾಷ್ಟ್ರೀಯ ಒಪ್ಪಂದ ಅದನ್ನು ಗಟ್ಟಿ ಮಾಡಿತು. ಈಗ ಜಮೀನು ಇಟ್ಟುಕೊಂಡು ನೀರು ಮಾರಬಹುದು. ಜಮೀನೇ ಇಲ್ಲದವರೂ ನೀರು ಕೊಳ್ಳಬಹುದು.

ಇದರಲ್ಲಿ ಎರಡು ವಿಷಯ ಬೇರೆ ಬೇರೆ. ಒಂದು ಹಕ್ಕು, ಇನ್ನೊಂದು ಆ ವರ್ಷದ ಹಂಚಿಕೆ. ಹಕ್ಕು ತೆಂಗಿನ ಮರ ಇದ್ದ ಹಾಗೆ, ಹಂಚಿಕೆ ಆ ವರ್ಷ ಬಿಟ್ಟ ಕಾಯಿ. ಮರವನ್ನೇ ಮಾರಬಹುದು, ಇಲ್ಲವೇ ಈ ಸಲದ ಕಾಯಿ ಮಾತ್ರ ಮಾರಬಹುದು. ಜಲಾಶಯದಲ್ಲಿ ಎಷ್ಟಿದೆ ಅಂತ ನೋಡಿ ಸರ್ಕಾರ ಆಗಾಗ ಶೇಕಡಾವಾರು ಹಂಚಿಕೆ ಘೋಷಿಸುತ್ತದೆ. ನೂರು ಪಾಲು ಹಕ್ಕಿರುವ ರೈತನಿಗೆ ಆ ವರ್ಷ ಶೇಕಡಾ 40 ಅಂತ ಘೋಷಣೆ ಆದರೆ ಸಿಗುವುದು 40.

ಹಕ್ಕುಗಳಲ್ಲೂ ದರ್ಜೆ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಬರ ಬಂದರೂ ಮೊದಲು ಸಿಗುವುದು ಒಂದು ದರ್ಜೆ. ಉಳಿದರೆ ಸಿಗುವುದು ಇನ್ನೊಂದು. ಭತ್ತ ಬೆಳೆಯುವವರ ಹತ್ತಿರ ಹೆಚ್ಚಾಗಿ ಇರುವುದು ಈ ಎರಡನೆಯದು. 2018-19ರಲ್ಲಿ ಆ ರಾಜ್ಯದ ಮರ್ರೆ ಕಣಿವೆಯಲ್ಲಿ ಎರಡನೇ ದರ್ಜೆಯವರಿಗೆ ಸಿಕ್ಕ ಹಂಚಿಕೆ ಸೊನ್ನೆ. ಜಮೀನಿನ ಪಕ್ಕದಲ್ಲೇ ನದಿ ತುಂಬಿ ಹರಿಯುತ್ತಿತ್ತು. ಅದು ಕೆಳಗಿನವರ ನೀರು, ಮುಟ್ಟುವ ಹಾಗಿಲ್ಲ. ಮಂಡ್ಯದಲ್ಲಿ ನಾಲೆಗೆ ನೀರಿಲ್ಲದೆ ನದಿಗೆ ನೀರು ಬಿಟ್ಟಾಗ ಹೊಟ್ಟೆಯಲ್ಲಿ ಏಳುವ ಸಂಕಟ ಎಂಥದ್ದು ಅಂತ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾರುಕಟ್ಟೆಯಿಂದ ಒಳ್ಳೆಯದೂ ಆಗಿದೆ. ಬರದ ವರ್ಷ ಭತ್ತ ಹಾಕದೆ, ನೀರು ಮಾರಿ ಸಂಸಾರ ತೂಗಿಸಿದವರಿದ್ದಾರೆ. ಹಣ್ಣಿನ ತೋಟದವರು ಆ ನೀರು ಕೊಂಡು ಗಿಡ ಉಳಿಸಿಕೊಂಡಿದ್ದಾರೆ. ಕೆಟ್ಟದ್ದೂ ಕಡಿಮೆಯಿಲ್ಲ. ನೀರು ದುಡ್ಡಿದ್ದವರ ಕಡೆ ಹೋಯಿತು. ಉತ್ತರ ವಿಕ್ಟೋರಿಯಾದ ಹಾಲು ಉತ್ಪಾದಕರ ಕೈಯಿಂದ ಕೆಳಗಿನ ಬಾದಾಮಿ ತೋಟಗಳಿಗೆ ಸಾಕಷ್ಟು ನೀರು ಜಾರಿತು. ನಡುವೆ ಬಾರ್ಮಾ ಅನ್ನುವಲ್ಲಿ ಮರ್ರೆ ತುಂಬಾ ಕಿರಿದಾಗುತ್ತದೆ. ಅಷ್ಟೊಂದು ನೀರನ್ನು ಬೇಸಿಗೆಯಲ್ಲಿ ಆ ಕಿರಿದಾದ ಜಾಗದಲ್ಲಿ ನುಗ್ಗಿಸಿದರೆ ದಂಡೆ ಕುಸಿಯುತ್ತದೆ, ಪಕ್ಕದ ಕಾಡಿಗೆ ಅಕಾಲದಲ್ಲಿ ನೀರು ನುಗ್ಗುತ್ತದೆ. ಕಾಗದದ ಮೇಲೆ ನೀರು ಒಂದು ಕ್ಷಣದಲ್ಲಿ ಕೈ ಬದಲಾಯಿಸುತ್ತದೆ. ನದಿಯಲ್ಲಿ ಅದು ಹರಿದೇ ಹೋಗಬೇಕು. ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಅಲ್ಲಿನ ಸ್ಪರ್ಧಾ ಆಯೋಗ ಈ ಮಾರುಕಟ್ಟೆಯ ವಿಚಾರಣೆ ನಡೆಸಿ, 2021ರಲ್ಲಿ ಕೊಟ್ಟ ವರದಿಯಲ್ಲಿ ದಲ್ಲಾಳಿಗಳ ಮೇಲೆ ಹಿಡಿತವೇ ಇಲ್ಲ ಅಂತ ಹೇಳಿತು.

ನಮ್ಮ ಅಭಿಪ್ರಾಯ ಕೇಳಿದರೆ, ಯಾರ ಹತ್ತಿರ ಎಷ್ಟಿದೆ ಅನ್ನೋದು ಎಲ್ಲರಿಗೂ ಕಾಣುವ ಹಾಗಿಲ್ಲದ ಕಡೆ ನೀರಿನ ಮಾರುಕಟ್ಟೆ ತೆರೆಯಲೇಬಾರದು.

ನದಿಗೆ ಪಾಲು ಕೊಟ್ಟರು ಅಂದಿರಿ. ಹೇಗೆ ಕೊಟ್ಟರು?

1991ರ ಕೊನೆಯಲ್ಲಿ ಡಾರ್ಲಿಂಗ್ ನದಿಯ ಸುಮಾರು 1,000 ಕಿಲೋಮೀಟರ್ ಉದ್ದಕ್ಕೂ ವಿಷದ ಪಾಚಿ ಹಬ್ಬಿತು. ಜನ ಬೆಚ್ಚಿದರು. 1995ರಲ್ಲಿ ನದಿಯಿಂದ ಎತ್ತುವ ನೀರಿಗೆ ಒಂದು ಮಿತಿ ಹಾಕಿದರು. ದೊಡ್ಡ ಬರದಲ್ಲಿ ಆ ಮಿತಿಯೂ ಸಾಲಲಿಲ್ಲ. ನದಿಯ ಬಾಯಿ ಮರಳಿನಿಂದ ಮುಚ್ಚಿಕೊಳ್ಳುತ್ತಿತ್ತು. 2002ರಿಂದ ಯಂತ್ರ ಇಟ್ಟು ಮರಳು ತೋಡಿ ತೆರೆದಿಡಬೇಕಾಯಿತು. ನದಿ ಸಮುದ್ರ ಸೇರುವ ಮೊದಲು ಸಿಗುವ ಕೊನೆಯ ಸರೋವರಗಳ ನೀರು ಸಮುದ್ರ ಮಟ್ಟಕ್ಕಿಂತಲೂ ಕೆಳಗಿಳಿಯಿತು. ತಳದ ಮಣ್ಣು ಗಾಳಿಗೆ ತೆರೆದುಕೊಂಡು ಆಮ್ಲವಾಗತೊಡಗಿತು.

2007ರಲ್ಲಿ ಕೇಂದ್ರ ಸರ್ಕಾರ ಜಲ ಕಾಯ್ದೆ ತಂದಿತು. 100ನೇ ವಿಧಿ ಇರುವಾಗ ಹೇಗೆ ತಂದಿತು ಅಂತ ನೀವು ಕೇಳಬಹುದು. ಕೇಂದ್ರಕ್ಕೆ ಆಸರೆಯಾದದ್ದು ದೇಶ ಸಹಿ ಹಾಕಿದ, ಕೇಂದ್ರವೇ ಜಾರಿಗೆ ತರಬೇಕಾದ ಅಂತರರಾಷ್ಟ್ರೀಯ ಒಪ್ಪಂದಗಳು. ಅದರಲ್ಲಿ ಮುಖ್ಯವಾದದ್ದು ಜೌಗು ಪ್ರದೇಶಗಳನ್ನು ಕಾಪಾಡುವ 1971ರ ರಾಮ್ಸರ್ ಒಪ್ಪಂದ. ಮರ್ರೆ ಬಾಯಿಯ ಕೂರಾಂಗ್ ಹಿನ್ನೀರು 1985ರಿಂದ ರಾಮ್ಸರ್ ತಾಣ. ಕಾವೇರಿ ಮೇಲಿನ ನಮ್ಮ ರಂಗನತಿಟ್ಟು ಕೂಡ 2022ರಲ್ಲಿ ರಾಮ್ಸರ್ ತಾಣವಾಯಿತು. ನಮ್ಮಲ್ಲಿ ಆ ಪಟ್ಟಕ್ಕೂ ನೀರು ಹಂಚಿಕೆಗೂ ನಂಟು ಹಾಕುವ ಮಾತು ಇನ್ನೂ ಶುರುವಾಗಿಲ್ಲ. ಶುರುವಾಗಬೇಕು.

2012ರ ಕಣಿವೆ ಯೋಜನೆ ಪ್ರಕಾರ, ಅಲ್ಲಿಯವರೆಗೆ ವರ್ಷಕ್ಕೆ ಸರಾಸರಿ 13,623 ಗಿಗಾಲೀಟರ್ ಎತ್ತುತ್ತಿದ್ದರು. ಅಂದರೆ ಸುಮಾರು 481 ಟಿಎಂಸಿ. ಅದರಲ್ಲಿ 2,750 ಗಿಗಾಲೀಟರ್, ಅಂದರೆ ಸುಮಾರು 97 ಟಿಎಂಸಿ, ನದಿಗೆ ವಾಪಸ್ ಬಿಡಬೇಕು. ಸರಿಸುಮಾರು ಐದರಲ್ಲಿ ಒಂದು ಪಾಲು. ಸರ್ಕಾರ ಅದನ್ನು ಕಿತ್ತುಕೊಳ್ಳಲಿಲ್ಲ. ಮಾರಲು ಒಪ್ಪಿದ ರೈತರಿಂದ ಹಕ್ಕು ಕೊಂಡಿತು. ಜೊತೆಗೆ ನಾಲೆ ದುರಸ್ತಿಗೆ ದುಡ್ಡು ಕೊಟ್ಟು, ಸೋರಿಕೆ ನಿಂತು ಉಳಿತಾಯವಾದ ನೀರನ್ನು ಪಡೆಯಿತು. ಹೀಗೆ ಬಂದ ಹಕ್ಕುಗಳನ್ನು ನದಿಯ ಪರವಾಗಿ ನೋಡಿಕೊಳ್ಳಲು ಒಬ್ಬ ಅಧಿಕಾರಿ ಇದ್ದಾರೆ. ರೈತನಿಗೆ ಶೇಕಡಾ 40 ಸಿಕ್ಕರೆ ಅದೇ ದರ್ಜೆಯ ನದಿಯ ಹಕ್ಕಿಗೂ 40.

ಹಾಗಾದರೆ ರೈತರು ಯಾಕೆ ವಿರೋಧಿಸಿದರು?

2010ರ ಅಕ್ಟೋಬರ್‌ನಲ್ಲಿ ಆ ಯೋಜನೆಯ ಮೊದಲ ಕರಡು ಬಂತು. 3,000ದಿಂದ 4,000 ಗಿಗಾಲೀಟರ್ ಕಡಿತ ಅಂತ ಅದರಲ್ಲಿತ್ತು. ಗ್ರಿಫಿತ್ ಊರಿನಲ್ಲಿ ಜನ ಅದರ ಪ್ರತಿಗಳನ್ನು ಬೀದಿಯಲ್ಲಿ ಸುಟ್ಟರು. ಅವರ ಭಯ ಸುಳ್ಳಲ್ಲ. ಒಂದು ಊರಿನ ಹತ್ತು ರೈತರು ನೀರು ಮಾರಿದರೆ ಅವರಿಗೆ ದುಡ್ಡು ಬರುತ್ತದೆ. ಆದರೆ ಅವರನ್ನು ನಂಬಿದ ಗೊಬ್ಬರದಂಗಡಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಶಾಲೆ, ಕೂಲಿಯವರು? ಅವರಿಗೆ ಪರಿಹಾರದ ಪಟ್ಟಿಯಲ್ಲಿ ಜಾಗ ಇರಲಿಲ್ಲ. ನಾಲೆಯಲ್ಲಿ ಉಳಿದ ರೈತರ ಮೇಲೆ ನಿರ್ವಹಣೆ ಖರ್ಚು ಜಾಸ್ತಿ ಬಿತ್ತು. 2019ರ ಡಿಸೆಂಬರ್‌ನಲ್ಲಿ ಲಾರಿಗಳ ಸಾಲಿನಲ್ಲಿ ಕ್ಯಾನ್‌ಬೆರಾಗೆ ಬಂದು ಯೋಜನೆ ಕೈಬಿಡಿ ಅಂತ ಕೂಗಿದರು.

ನದಿಗೆ ನೀರು ಬೇಕು ಅನ್ನುವುದನ್ನು ನಾವು ಬಲವಾಗಿ ನಂಬುತ್ತೇವೆ. ಅದರ ಬೆಲೆಯನ್ನು ಸಣ್ಣ ಊರುಗಳು ಮಾತ್ರ ತೆರಬೇಕು ಅನ್ನುವುದು ನ್ಯಾಯವಲ್ಲ ಅಂತಲೂ ಅಷ್ಟೇ ಬಲವಾಗಿ ನಂಬುತ್ತೇವೆ.

ಮೆನಿಂಡಿಯಲ್ಲಿ ಮೀನು ಸತ್ತ ವಿಡಿಯೋ ನೋಡಿದ್ದೆವು. ಇಷ್ಟೆಲ್ಲ ಮಾಡಿದ ಮೇಲೂ ಅದು ಹೇಗಾಯಿತು?

ಮೆನಿಂಡಿ ಡಾರ್ಲಿಂಗ್ ದಂಡೆಯ ಪುಟ್ಟ ಊರು. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಅಲ್ಲಿ ಮೂರು ಸಲ ಮೀನುಗಳು ರಾಶಿ ರಾಶಿ ಸತ್ತವು. ಅದರಲ್ಲಿ ಮರ್ರೆ ಕಾಡ್ ಅನ್ನುವ ದೊಡ್ಡ ಮೀನುಗಳೂ ಇದ್ದವು. ಅವು ದಶಕಗಟ್ಟಲೆ ಬದುಕುವ ಮೀನುಗಳು. ಊರಿನವರು ಸತ್ತ ಮೀನನ್ನು ಮಗುವಿನಂತೆ ಎರಡೂ ತೋಳಲ್ಲಿ ಎತ್ತಿ ಹಿಡಿದು ಮಾತಾಡಿದ ವಿಡಿಯೋ ಲೋಕವೆಲ್ಲ ಸುತ್ತಿತು.

ಆಗಿದ್ದು ಇಷ್ಟು. ಹರಿವು ನಿಂತಿತ್ತು. ಒಡ್ಡಿನ ಹಿಂದೆ ನಿಂತ ನೀರಲ್ಲಿ ಪಾಚಿ ಹಬ್ಬಿತ್ತು. ಬಿಸಿಲಿಗೆ ಮೇಲಿನ ನೀರು ಕಾದಿತ್ತು, ಕೆಳಗಿನ ನೀರು ತಣ್ಣಗಿತ್ತು. ಎರಡೂ ಬೆರೆಯದೆ ಪದರ ಪದರವಾಗಿ ನಿಂತವು. ಕೆಳಗಿನ ಪದರದಲ್ಲಿ ಆಮ್ಲಜನಕ ಮುಗಿದಿತ್ತು. ಮೀನುಗಳು ಮೇಲಿನ ಪದರದಲ್ಲಿ ಹೇಗೋ ಬದುಕಿದ್ದವು. ಆಗ ಹವೆ ಇದ್ದಕ್ಕಿದ್ದಂತೆ ತಂಪಾಯಿತು. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು ಎರಡೂ ಪದರ ಬೆರೆತವು. ಉಸಿರಾಡಲು ಎಲ್ಲೂ ಜಾಗ ಉಳಿಯಲಿಲ್ಲ.

ಬರವೇ ಕಾರಣ ಅಂತ ಕೆಲವರು ಹೇಳಿದರು. ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿ 2019ರ ಫೆಬ್ರವರಿಯ ವರದಿಯಲ್ಲಿ ಬರದ ಜೊತೆಗೆ ಮೇಲ್ಭಾಗದಲ್ಲಿ ಅತಿಯಾಗಿ ನೀರು ಎತ್ತಿದ್ದೂ ಕಾರಣ ಅಂತ ಹೇಳಿತು. 2023ರ ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಮತ್ತೆ ಕೋಟಿ ಲೆಕ್ಕದಲ್ಲಿ ಮೀನು ಸತ್ತವು. ಆ ಸಲ ನೆರೆ ಇಳಿದ ಮೇಲೆ ಬಂದ ಬಿಸಿಲಿಗೆ ಆಮ್ಲಜನಕ ಕುಸಿದಿತ್ತು.

ನಮಗೆ ಇಲ್ಲಿ ಕಾಣುವ ದೊಡ್ಡ ಪಾಠ, ವರ್ಷದ ಒಟ್ಟು ಲೆಕ್ಕ ಸರಿಯಿದ್ದರೆ ಸಾಲದು. ನೀರು ಯಾವ ಜಾಗಕ್ಕೆ, ಯಾವ ತಿಂಗಳಲ್ಲಿ ಬಂತು ಅನ್ನೋದೇ ಮೀನಿನ ಜೀವ ಉಳಿಸುತ್ತದೆ.

ನೀರು ಕಳ್ಳತನ ಆಗಿತ್ತು ಅನ್ನೋದು ನಿಜವಾ?

2017ರ ಜುಲೈನಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿ ಒಂದು ತನಿಖಾ ವರದಿ ಪ್ರಸಾರ ಮಾಡಿತು. ಡಾರ್ಲಿಂಗ್‌ನ ಮೇಲ್ಭಾಗದಲ್ಲಿ ಕೆಲವರು ಮೀಟರ್ ಕೆಟ್ಟಿದ್ದರೂ ಪಂಪ್ ಓಡಿಸುತ್ತಿದ್ದಾರೆ, ತೆರಿಗೆ ದುಡ್ಡಿನಲ್ಲಿ ನದಿಗೆಂದು ಕೊಂಡ ನೀರೂ ಹೊಲಕ್ಕೆ ಹೋಗುತ್ತಿದೆ ಅನ್ನುವ ಆರೋಪ ಅದರಲ್ಲಿತ್ತು. ದೇಶವೇ ಅಲ್ಲಾಡಿತು. ತನಿಖೆಗಳು ನಡೆದವು, ಮೊಕದ್ದಮೆಗಳು ಹೂಡಲ್ಪಟ್ಟವು. ನ್ಯೂ ಸೌತ್ ವೇಲ್ಸ್ 2018ರಲ್ಲಿ ಇದಕ್ಕೆಂದೇ ಸ್ವತಂತ್ರ ನಿಯಂತ್ರಣ ಸಂಸ್ಥೆ ಮಾಡಿತು. ಈಗ ಉಪಗ್ರಹ ಚಿತ್ರ ನೋಡಿ ಯಾರ ಹೊಂಡ ಯಾವಾಗ ತುಂಬಿತು ಅಂತ ಪತ್ತೆ ಹಚ್ಚುತ್ತಾರೆ.

ಕಳ್ಳತನಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಬೇರೆ. ಉತ್ತರದ ಬಯಲಿನಲ್ಲಿ ನೆರೆ ನೀರು ಹೊಲದ ಮೇಲೆ ಹರಿಯುವಾಗ ಒಡ್ಡು ಕಟ್ಟಿ ದೊಡ್ಡ ದೊಡ್ಡ ಹೊಂಡಗಳಿಗೆ ತುಂಬಿಸಿಕೊಳ್ಳುವ ಪದ್ಧತಿ ಇದೆ. ದಶಕಗಳ ಕಾಲ ಅದಕ್ಕೆ ಸರಿಯಾದ ಅಳತೆಯೂ ಇರಲಿಲ್ಲ, ಪರವಾನಗಿಯೂ ಇರಲಿಲ್ಲ. ದಕ್ಷಿಣದಲ್ಲಿ ಹನಿ ಹನಿಗೂ ಮೀಟರ್, ಉತ್ತರದಲ್ಲಿ ನದಿ ಸೇರಬೇಕಾದ ನೆರೆಗೆ ಲೆಕ್ಕವೇ ಇರಲಿಲ್ಲ. ದಕ್ಷಿಣದ ರೈತನಿಗೆ ಯೋಜನೆ ಮೇಲಿನ ನಂಬಿಕೆ ಹೋದದ್ದು ಇಲ್ಲಿಯೇ. ನಾನು ಬಿಟ್ಟ ನೀರು ನದಿಗೇ ಹೋಯಿತು ಅಂತ ಅವನಿಗೆ ಖಾತ್ರಿ ಇಲ್ಲದಿದ್ದರೆ ಅವನು ಯಾಕೆ ಬಿಡುತ್ತಾನೆ?

ನಾಲೆಗೆ ಕಾಂಕ್ರೀಟ್ ಹಾಕಿ, ಹನಿ ನೀರಾವರಿ ಮಾಡಿದರೆ ನೀರು ಉಳಿಯುತ್ತದಲ್ವಾ?

ಹೊಲದ ಮಟ್ಟದಲ್ಲಿ ಉಳಿಯುತ್ತದೆ. ಕಣಿವೆಯ ಮಟ್ಟದಲ್ಲಿ ಅಷ್ಟು ಸುಲಭವಿಲ್ಲ. ಮಣ್ಣಿನ ನಾಲೆಯಿಂದ ಸೋರಿದ ನೀರೆಲ್ಲ ಹಾಳಾಗುವುದಿಲ್ಲ. ಒಂದು ಭಾಗ ಅಂತರ್ಜಲ ಸೇರುತ್ತದೆ, ಮತ್ತೆ ಕೆಳಗೆ ನದಿಗೇ ಬಸಿಯುತ್ತದೆ. ಸೋರಿಕೆ ನಿಲ್ಲಿಸಿ, 'ಉಳಿಸಿದ್ದು' ಅಂತ ಲೆಕ್ಕ ಬರೆದು, ಅದರಲ್ಲಿ ಅರ್ಧ ರೈತನೇ ಇಟ್ಟುಕೊಂಡು ಬೆಳೆ ಜಾಸ್ತಿ ಮಾಡಿದರೆ ನದಿಗೆ ಮೊದಲಿಗಿಂತ ಕಡಿಮೆಯೇ ಸಿಗಬಹುದು. ಅಲ್ಲಿನ ಅರ್ಥಶಾಸ್ತ್ರಜ್ಞರಲ್ಲಿ ಇದರ ಬಗ್ಗೆ ದೊಡ್ಡ ವಾದ ನಡೆದಿದೆ. ಹಕ್ಕು ಕೊಳ್ಳುವುದು ಅಗ್ಗ, ನಾಲೆ ದುರಸ್ತಿ ದುಬಾರಿ ಅನ್ನೋದು ಮಾತ್ರ ವಿವಾದವಿಲ್ಲದ ಮಾತು. ಆದರೂ ರಾಜಕಾರಣಿಗಳಿಗೆ ದುರಸ್ತಿಯೇ ಇಷ್ಟ, ಯಾಕೆಂದರೆ ಅದಕ್ಕೆ ವಿರೋಧ ಇಲ್ಲ. 2015ರಲ್ಲಿ ಹಕ್ಕು ಖರೀದಿಗೆ 1,500 ಗಿಗಾಲೀಟರ್ ಮಿತಿ ಹಾಕಿದರು. 2023ರ ಕಾಯ್ದೆ ಅದನ್ನು ತೆಗೆದುಹಾಕಿತು.

ಮೂಲನಿವಾಸಿಗಳಿಗೆ ಎಷ್ಟು ಪಾಲು?

ತುಂಬಾ ಕಡಿಮೆ. ಈ ಕಣಿವೆಯಲ್ಲಿ 40ಕ್ಕೂ ಹೆಚ್ಚು ಮೂಲನಿವಾಸಿ ಸಮುದಾಯಗಳಿವೆ. ನದಿ ನೀರಿನ ಹಕ್ಕಿನಲ್ಲಿ ಅವರ ಕೈಯಲ್ಲಿರುವುದು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ. ಡಾರ್ಲಿಂಗ್ ದಂಡೆಯ ಬಾರ್ಕಂಜಿ ಜನರಿಗೆ 2015ರಲ್ಲಿ ಅವರ ಪಾರಂಪರಿಕ ನೆಲದ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿತು. ನೆಲ ಸಿಕ್ಕಿತು. ಪಕ್ಕದ ನದಿಯಲ್ಲಿ ನೀರು ಹರಿಯಲೇಬೇಕು ಅನ್ನುವ ಅಧಿಕಾರ ಸಿಗಲಿಲ್ಲ. ನೀರಿನ ಹಕ್ಕುಗಳನ್ನು ಹಂಚುವ ಕಾಲದಲ್ಲಿ ಇವರನ್ನು ಯಾರೂ ಕೇಳಲೇ ಇಲ್ಲ. ಹಂಚಿ ಮುಗಿದ ಮೇಲೆ ಮಾರುಕಟ್ಟೆಯಲ್ಲಿ ಕೊಂಡುಕೊಳ್ಳಿ ಅಂದರೆ ಅದು ಅನ್ಯಾಯದ ಮುಂದುವರಿಕೆ ಅಂತಲೇ ನಾವು ತಿಳಿಯುತ್ತೇವೆ.

ಇದನ್ನೆಲ್ಲ ಕಾವೇರಿಗೆ ತರಬಹುದಾ?

ಇದ್ದ ಹಾಗೆ ತರಲು ಆಗುವುದಿಲ್ಲ. ಅಲ್ಲಿನ ಜಮೀನುಗಳು ದೊಡ್ಡವು, ನೀರು ಎತ್ತುವವರ ಸಂಖ್ಯೆ ಕಡಿಮೆ. ನಮ್ಮಲ್ಲಿ ಒಂದೆರಡು ಎಕರೆಯ ಲಕ್ಷಾಂತರ ರೈತರಿದ್ದಾರೆ, ಮೇಲಿಂದ ಕೊಳವೆಬಾವಿಗಳು. ಇಲ್ಲಿ ನೀರಿನ ಮಾರುಕಟ್ಟೆ ತೆರೆದರೆ ಮೊದಲು ನೀರು ಕಳೆದುಕೊಳ್ಳುವವರು ನಾಲೆಯ ಕೊನೆ ಭಾಗದವರು.

ನದಿಗೊಂದು ಪಾಲು ಅನ್ನುವ ಯೋಚನೆಯನ್ನು ಖಂಡಿತ ತರಬೇಕು. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿಎಂಸಿ ಹಂಚಿತು. ಅದರಲ್ಲಿ ಪರಿಸರಕ್ಕೆ ಇಟ್ಟದ್ದು 10 ಟಿಎಂಸಿ. ಸಮುದ್ರಕ್ಕೆ ಹರಿದೇ ಹೋಗುವ ನೀರು ಅಂತ ಇನ್ನೊಂದು 4. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ ಅಂತ. ಆ 14.75 ಟಿಎಂಸಿಗಾಗಿ ಎರಡೂ ರಾಜ್ಯಗಳಲ್ಲಿ ಎಷ್ಟು ಚರ್ಚೆ ಆಯಿತು ಅಂತ ಎಲ್ಲರಿಗೂ ನೆನಪಿದೆ. ನದಿಯ 10 ಟಿಎಂಸಿ ಯಾವ ತಿಂಗಳು ಎಲ್ಲಿ ಹರಿಯಿತು ಅಂತ ಅಷ್ಟೇ ಕಾಳಜಿಯಿಂದ ಕೇಳುವವರು ಬೇಕು.

ಎರಡನೆಯದು ಬಹಿರಂಗ ಲೆಕ್ಕ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ನಮ್ಮ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಅಲ್ಲಿಂದ ಮುಂದೆ, ಯಾವ ನಾಲೆಗೆ, ಯಾವ ತೂಬಿಗೆ, ಯಾವ ಏತ ನೀರಾವರಿಗೆ ಎಷ್ಟು ಹೋಯಿತು ಅನ್ನೋದು ಸಾಮಾನ್ಯ ಜನರ ಕಣ್ಣಿಗೆ ಬೀಳುವುದಿಲ್ಲ. ಅದೂ ದಿನಾ ಬರಬೇಕು, ಎರಡೂ ರಾಜ್ಯಗಳಲ್ಲಿ ಬರಬೇಕು.

ನೀವು ರೈತರ ಪರವೋ, ಪರಿಸರದ ಪರವೋ?

ನದಿ ಸತ್ತರೆ ಮೊದಲು ಕೆಳಭಾಗದ ರೈತ ಸಾಯುತ್ತಾನೆ. ಮರ್ರೆಯ ಕೊನೆಯ ಸರೋವರಗಳ ಸುತ್ತ ದನ ಸಾಕುತ್ತಿದ್ದವರಿಗೆ ಬರದ ಕಾಲದಲ್ಲಿ ಉಪ್ಪು ನೀರಷ್ಟೇ ಉಳಿದಿತ್ತು. ಹಾಗಾಗಿ ಈ ಎರಡರಲ್ಲಿ ಒಂದು ಆರಿಸಿ ಅಂದರೆ ನಾವು ಒಪ್ಪುವುದಿಲ್ಲ.

ವಿದ್ಯಾರ್ಥಿಗಳು ಈ ಕ್ಷೇತ್ರಕ್ಕೆ ಬರಲು ಏನು ಓದಿರಬೇಕು?

ಯಾವ ಪದವಿಯಾದರೂ ಸರಿ. ಅಂಕಿ ಅಂಶ ಓದಲು ಅಂಜಬಾರದು, ಕಾನೂನಿನ ಭಾಷೆಗೂ ಅಂಜಬಾರದು. ವಿದೇಶಕ್ಕೆ ಅರ್ಜಿ ಹಾಕುವ ಮೊದಲು ನಿಮ್ಮೂರಿನ ಕೆರೆ ಅಥವಾ ನಾಲೆಯ ಬಗ್ಗೆ ಹತ್ತು ಪುಟ ಬರೆಯಿರಿ. ತೂಬು ತೆರೆಯುವವರು ಯಾರು, ನೀರುಗಂಟಿ ಇನ್ನೂ ಇದ್ದಾರಾ, ಅವರಿಗೆ ಸಂಬಳ ಕೊಡುವವರು ಯಾರು, ಕಟ್ಟು ನೀರಿನ ದಿನಗಳನ್ನು ಯಾವ ಸಭೆಯಲ್ಲಿ ಗೊತ್ತು ಮಾಡುತ್ತಾರೆ, ಕೊನೆ ಭಾಗಕ್ಕೆ ನೀರು ತಲುಪದಿದ್ದಾಗ ದೂರು ಯಾರಿಗೆ ಹೋಗುತ್ತದೆ, ಇಷ್ಟನ್ನು ವಿಚಾರಿಸಿ. ಜೊತೆಗೆ ಮರ್ರೆ-ಡಾರ್ಲಿಂಗ್ ಪ್ರಾಧಿಕಾರದ ಜಾಲತಾಣದಲ್ಲಿ ನದಿಯ ಹರಿವಿನ ಮಾಹಿತಿ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಒಂದು ತಿಂಗಳು ಅದನ್ನೂ ಕೆಆರ್‌ಎಸ್ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ನಮ್ಮ ತಂಡಕ್ಕೆ ಸೇರಲು ಬರುವವರಿಗೆ ಸಂದರ್ಶನದಲ್ಲಿ ನಾವು ಮೊದಲು ಕೇಳುವುದು ಆ ಹತ್ತು ಪುಟದ ಬಗ್ಗೆಯೇ.